ಸೊಸೆ ಬರೆದ ನನ್ನ ಕಣ್ಣು

ನನ್ನ ಸೊಸೆ ಕಣ್ಣು ಬರೆಯುತ್ತಾಳೆ. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡುವ ಕೆಲಸ ಅವಳದು. ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಉಳಿದ ಕಣ್ಣನ್ನೇ ನೋಡುತ್ತ, ಅಂಗಿಯ ಗುಂಡಿಯಷ್ಟಗಲದ ಬಿಲ್ಲೆಯ ಮೇಲೆ ಬಣ್ಣ ಹಚ್ಚುತ್ತಾಳೆ. ಬಿಳಿಭಾಗದ ಮೇಲೆ ಕೆಂಪು ರೇಷ್ಮೆ ಎಳೆ ಅಂಟಿಸಿದರೆ ಅದೇ ನರ. ಮದುವೆಗೆ ಮುಂಚೆ ಇದನ್ನು ಕೇಳಿ, ಇದೆಂಥ ಕಸುಬು ಎಂದು ಮೂಗು ಮುರಿದವಳು ನಾನು.

ಈ ಪರದೇಶಕ್ಕೆ ಅವಳನ್ನು ಕರೆಸಿಕೊಂಡಿದ್ದ ವಯಸ್ಸಾದ ಯಜಮಾನರು ಕಣ್ಣು ಮಾಡುವ ತಮ್ಮ ಲ್ಯಾಬ್ ಮುಚ್ಚಿದರು. ಅವಳ ಕೆಲಸಕ್ಕಾಗಿ ಅವರು ಸರ್ಕಾರಕ್ಕೆ ಹಾಕಿದ್ದ ಅರ್ಜಿ ರದ್ದಾಯಿತು. ಅರ್ಜಿ ಹೋದರೆ ವೀಸಾವೂ ಹೋದಂತೆ. ವಕೀಲೆ ಸಮಾಧಾನವಾಗಿ ವಿವರಿಸಿದಳು: "ದಾರಿ ಇದೆ. ಗಡುವಿನೊಳಗೆ ಬೇರೆ ಮಾಲೀಕರು ಹೊಸ ಅರ್ಜಿ ಹಾಕಬೇಕು. ಇಲ್ಲಾಂದ್ರೆ ಗಂಡನ ವೀಸಾ ಮೇಲೆ ಡಿಪೆಂಡೆಂಟ್ ಅಂತ ಇರಬಹುದು, ಆದ್ರೆ ಕೆಲಸ ಮಾಡೋ ಹಾಗಿಲ್ಲ. ಅದೂ ಬೇಡ ಅಂದ್ರೆ ವಾಪಸ್ ಹೋಗಿ ಅಲ್ಲಿಂದ ಪ್ರಯತ್ನ ಪಡಬೇಕು."

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಮಗ, "ಎರಡನೇದೇ ಸುಲಭ. ಆರಾಮಾಗಿ ಮನೇಲಿರು," ಎಂದ. ಅವಳ ಬೆರಳು ಮೇಜಿನ ಮೇಲೆ ಸುತ್ತಸುತ್ತ ಗೀಚುತ್ತಿತ್ತು. ನನಗೆ ರೇಗಿತು.

"ಮನೇಲಿ ಬಿದ್ದಿರೋಕೆ ಅವಳೇನು ಸೋಫಾನಾ?" ಎಂದೆ.

ಇನ್ನೊಂದು ಲ್ಯಾಬಿನ ಯಜಮಾನಿ ಮಾದರಿ ಕೇಳಿದಳು. ಯಾರದಾದರೂ ಒಂದು ಕಣ್ಣು ಬರೆದು ಅವರನ್ನೂ ಜೊತೆಗೆ ಕರೆತರಬೇಕು. ಮಗನಿಗೆ ಡ್ಯೂಟಿ. ಕುರ್ಚಿಗೆ ನಾನೇ ಸಿಕ್ಕಿದೆ.

ಬೆಳಗಿನ ಬೆಳಕು ಪರದೆಯಿಂದ ಸೋಸಿ ಬರುತ್ತಿತ್ತು. ಅವಳು ನೋಡುತ್ತಿದ್ದಳು, ನಾನು ಕೂತಿದ್ದೆ. ಬರಬರುತ್ತ ಗಡಿಯಾರದ ಸದ್ದೂ ದೂರವಾಯಿತು. ಕೋಣೆಗೆ ಕೋಣೆಯೇ ಮೆಲ್ಲಗೆ ತೇಲುತ್ತಿದೆ ಅನ್ನಿಸಿತು. ನನ್ನ ಕಣ್ಣನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಕಟ್ಟಿಕೊಂಡ ಪುಣ್ಯಾತ್ಮ ಇದ್ದಷ್ಟು ದಿನ ತಟ್ಟೆಯನ್ನು ನೋಡಿದರೇ ಹೊರತು ಬಡಿಸುವವಳನ್ನಲ್ಲ.

"ಏನೇನಿದೆ ಅದರಲ್ಲಿ?" ಎಂದು ಕೇಳಿದೆ.

"ಕಂದು ಬಣ್ಣ, ಒಂದು ಕಡೆ ಜೇನಿನ ಹಾಗೆ. ಸುತ್ತ ಬೂದು ಉಂಗುರ. ವಯಸ್ಸಾದ ಮೇಲೆ ಬರುತ್ತೆ ಅತ್ತೆ."

"ಅದೊಂದನ್ನ ಬಿಟ್ಟುಬಿಡೇ. ನಾಲ್ಕು ಜನ ನೋಡೋದು."

ಅತ್ತೆಯ ಮಾತು ಮೀರಬಾರದೆಂದು ಬಿಟ್ಟೇಬಿಟ್ಟಳು, ಹುಚ್ಚು ಹುಡುಗಿ.

ಯಜಮಾನಿ ಆ ಬಿಲ್ಲೆಯನ್ನು ನನ್ನ ಕಣ್ಣಿನ ಪಕ್ಕ ಹಿಡಿದಳು. "ಚೆನ್ನಾಗಿದೆ. ಆದ್ರೆ ಇದು ಇವರ ಕಣ್ಣಲ್ಲ. ಇದ್ದದ್ದನ್ನ ಇದ್ದ ಹಾಗೆ ನೋಡೋಕೆ ಬರದೆ ಇದ್ರೆ ನಾನು ಹೇಗೆ ಅರ್ಜಿ ಹಾಕಲಿ?"

ಸೊಸೆ ತಲೆ ತಗ್ಗಿಸಿದಳೇ ಹೊರತು ನನ್ನ ಕಡೆ ಬೆರಳು ತೋರಿಸಲಿಲ್ಲ.

"ಅವಳು ನೋಡಿದ್ಲು. ಬೇಡ ಅಂದೋಳು ನಾನು. ನಂಗೆ ಮುದುಕಿ ಆಗೋಕೆ ಇಷ್ಟ ಇರ್ಲಿಲ್ಲ," ಎಂದೆ. "ಬ್ರಷ್ ಕೊಡಿ, ಈಗ್ಲೇ ಬರೀತಾಳೆ."

ಯಜಮಾನಿ ಬ್ರಷ್ ಕೊಟ್ಟಳು. ಬಣ್ಣದ ಮೇಲೆ ಹಾಕುವ ಗಾಜಿನಂಥ ಪದರ ಇನ್ನೂ ಹಾಕಿರಲಿಲ್ಲ. ಸೊಸೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೂದು ಉಂಗುರ ಸ್ವಲ್ಪಸ್ವಲ್ಪವಾಗಿ ಮೂಡಿತು. ನನ್ನ ಕಣ್ಣು ತುಂಬಿಬಂತು.

"ಅಳಬೇಡಿ ಅತ್ತೆ, ಬಣ್ಣ ಬೇರೆ ಕಾಣುತ್ತೆ."

"ಅಳ್ತಿಲ್ಲ ಕಣೇ. ನೀನು ಬರಿ."

ಯಜಮಾನಿ ಮತ್ತೆ ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅರ್ಜಿ ಹಾಕಲು ನಾಳೆಯೇ ವಕೀಲೆಯ ಹತ್ತಿರ ಬರುತ್ತೇನೆ ಎಂದಳು. ಸೊಸೆ ಆ ಕಣ್ಣನ್ನು ತಂದು ನನ್ನ ಅಂಗೈಯಲ್ಲಿಟ್ಟಳು.

"ಬೇಜಾರಾಯ್ತಾ ಅತ್ತೆ? ಉಂಗುರ ಬೇಡ ಅಂದಿದ್ರಿ, ಆ ಮಾತು ಮೀರಿದೆ."

"ಮೀರು," ಎಂದೆ. "ಇನ್ಮೇಲೂ ಮೀರು."