ಜೇಬಿನೊಳಗಿನ ಬಲಗೈ

ನಮ್ಮ ಗಣಿತದ ಮೇಷ್ಟ್ರಿಗೆ ಸಿಟ್ಟು ಬಂತೆಂದರೆ ಬಲಗೈ ಪ್ಯಾಂಟಿನ ಜೇಬಿಗೆ ಇಳಿಯುತ್ತಿತ್ತು. ಒಳಗೆ ಮುಷ್ಟಿ ಬಿಗಿಯುವುದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಜೇಬಿನ ಬಾಯಿಗೆ ಸದಾ ಸೀಮೆಸುಣ್ಣದ ಬಿಳುಪು. ಹೊಲಿಗೆ ಬಿಟ್ಟು, ಮತ್ತೆ ಹಾಕಿಸಿ, ಮತ್ತೆ ಬಿಟ್ಟಿರುತ್ತಿತ್ತು. ಮುಷ್ಟಿ ಸಡಿಲಾಗುವವರೆಗೆ ಕಿಟಕಿಯಾಚೆ ನೋಡುತ್ತ ನಿಂತು, ಆಮೇಲೆ ಎಡಗೈಯಲ್ಲೇ ಬೋರ್ಡ್ ಒರೆಸಿ ಲೆಕ್ಕವನ್ನು ಮೊದಲಿಂದ ಶುರುಮಾಡುತ್ತಿದ್ದರು. ನಂಜನಗೂಡಿನ ನಮ್ಮ ಹೈಸ್ಕೂಲಿಗೆ ಹೊಸದಾಗಿ ಸೇರಿದ ಮಕ್ಕಳು ಅದನ್ನು ಸ್ಟೈಲು ಅಂದುಕೊಂಡಿದ್ದರು. ನನಗೆ ಕಾರಣ ಗೊತ್ತಿತ್ತು. ಜೇಬು ಸೇರುವ ಮೊದಲು ಆ ಕೈ ಕೊನೆಯದಾಗಿ ಬಿದ್ದದ್ದು ನನ್ನ ಕೆನ್ನೆಯ ಮೇಲೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಒಂಬತ್ತನೇ ಕ್ಲಾಸು, ನಮ್ಮೂರು ಹೆಡತಲೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಒಂದು ಟೆಸ್ಟಿನಲ್ಲಿ ನನ್ನ ಉತ್ತರ, ಪಕ್ಕದವಳ ಉತ್ತರ ತಪ್ಪುಗಳ ಸಮೇತ ಒಂದೇ ಆಗಿದ್ದವು. ಕಾಪಿ ಹೊಡೆದವಳು ಅವಳು. ಮೇಷ್ಟ್ರು ವಿಚಾರಿಸಲಿಲ್ಲ. ಅವಳು ಅವರ ಚರ್ಚಿನವಳು, ಮೇಲಾಗಿ ಮೆತ್ತಗಿನ ಹುಡುಗಿ; ನಾನು ಬಾಯಿಬಡುಕಿ. ಹೊಡೆದ ಏಟಿಗೆ ನನ್ನ ಎಡಗಿವಿ ಗುಂಯ್ಯೆಂದಿತು. ತಿಂಗಳುಗಟ್ಟಲೆ ಸೋರಿತು.

ಆ ಭಾನುವಾರ ಚರ್ಚು ಬಿಟ್ಟ ಮೇಲೆ ಅವಳು ಅಳುತ್ತ ಅವರಿಗೆ ನಿಜ ಹೇಳಿದಳಂತೆ. ಸಂಜೆಯೇ ಮೇಷ್ಟ್ರು ನಮ್ಮ ಮನೆಗೆ ಬಂದರು. ಅಪ್ಪ ಗಾಬರಿಬಿದ್ದು ಜಗಲಿಗೆ ಹೊಸ ಚಾಪೆ ಹಾಸಿದ. ಅವರು ಬಾಯಿ ತೆರೆಯುವ ಮೊದಲೇ ಕ್ಷಮಿಸಿಬಿಟ್ಟ. "ಮೇಷ್ಟ್ರು ಒಡೀದೆ ಇನ್ಯಾರು ಒಡೀತಾರೆ, ಬುಡಿ ಸಾ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ತಪ್ಪಾಯ್ತು ಕಣವ್ವ. ಆದ್ರೂ ನೀನು ಆಗ್ಲೇ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ನೀವು ಕೇಳ್ಲೇ ಇಲ್ವಲ್ಲ ಸಾ" ಎಂದು ನಾನು ಒಳಗೆ ಹೋದೆ. ಅಪ್ಪ ಬೈದ, ಅವ್ವ ಬೈದಳು. ಮೇಷ್ಟ್ರು ಹೋಗುವವರೆಗೂ ನಾನು ಹೊರಗೆ ಬರಲಿಲ್ಲ.

ಮಾರನೆಯ ದಿನದಿಂದ ಕೈ ಜೇಬು ಸೇರಿತು. ಹಾಗೆಂದು ಅವರೇನೂ ಒಂದೇ ದಿನಕ್ಕೆ ಸಾಧುವಾಗಲಿಲ್ಲ. ನಡುವೆ ಒಮ್ಮೆ ಹಿಂದಿನ ಬೆಂಚಿಗೆ ಡಸ್ಟರ್ ಎಸೆದರು. ಎಸೆದ ಮರುಗಳಿಗೆ ತಾವೇ ಹೋಗಿ ಹೆಕ್ಕಿಕೊಂಡು ಬಂದರು. ನಾಯಿ ಬಾಲ ಡೊಂಕೇ ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಲೆಕ್ಕದಲ್ಲಿ ಹೆಜ್ಜೆ ಹಾರಿಸಿದರೆ ಅವರಿಗೆ ಆಗುತ್ತಿರಲಿಲ್ಲ. ಉತ್ತರ ಸರಿಯಿದ್ದರೂ ಪೂರ್ತಿ ಮಾರ್ಕ್ಸ್ ಕೊಡುತ್ತಿರಲಿಲ್ಲ. ತಮ್ಮ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ಒಂದು ದಿನ ಡ್ರಿಲ್ ಮೇಷ್ಟ್ರು, ಏನು ಸಾರ್, ಯೇಸುಸ್ವಾಮಿಯೇ ಆಗಿಬಿಟ್ಟಿರಲ್ಲ ಎಂದು ನಮ್ಮೆದುರೇ ರೇಗಿಸಿದರು. ಇವರು ನಗಲಿಲ್ಲ.

"ಎಲ್ಲಿ ಬಂತು ಸಾರ್. ಆತನ ಕೈಗೆ ಜೇಬು ಬೇಕಾಗಿರ್ಲಿಲ್ಲ."

ಹತ್ತು ವರ್ಷದ ಮೇಲೆ ನಾನೂ ಟೀಚರಾಗಿ ಟಿ. ನರಸೀಪುರದ ಒಂದು ಶಾಲೆಗೆ ಸೇರಿದೆ. ಅವತ್ತು ಕಾಪಿ ಹೊಡೆದಿದ್ದ ಹಳೆಯ ಬೆಂಚಿನ ಗೆಳತಿ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಒಂದು ವಿಷಯ ಹೇಳಿದಳು. ಚರ್ಚಿನಲ್ಲಿ ಪ್ರಸಾದದ ಹಾಗೆ ಕೊಡುವ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಮುಂದೆ ಹೋದರೆ ಮೇಷ್ಟ್ರು ಕೂತಲ್ಲೇ ಕೂತಿರುತ್ತಾರಂತೆ, ಆ ವರ್ಷದಿಂದಲೂ. ಪಾದ್ರಿಗಳು ಕೇಳಿದರೆ, ಒಬ್ಬರ ಹತ್ತಿರ ರಾಜಿಯಾಗುವುದು ಬಾಕಿಯಿದೆ, ಅದಾಗದೆ ಕೈಚಾಚುವ ಯೋಗ್ಯತೆ ತನಗಿಲ್ಲ ಎನ್ನುತ್ತಾರಂತೆ. ಆ ಒಬ್ಬರು ಯಾರೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನಾಗಿ ಹೋಗಿ ಒಂದು ಮಾತು ಹೇಳಬಹುದಿತ್ತು. ಹೋಗಲಿಲ್ಲ. ಹಟ ನನಗೂ ಇತ್ತು.

ಕೊನೆಗೆ ಅವರೇ ಬಂದರು. ರಿಟೈರಾಗಿದ್ದರು, ಸಕ್ಕರೆ ಕಾಯಿಲೆಗೆ ಇಳಿದುಹೋಗಿದ್ದರು. ಎರಡು ಸಲ ನರಸೀಪುರದ ಬಸ್ಸು ಹತ್ತಿ, ಧೈರ್ಯ ಸಾಲದೆ ಇಳಿದುಬಿಟ್ಟಿದ್ದರಂತೆ. ಶಾಲೆಯ ವರಾಂಡದಲ್ಲಿ ನನ್ನ ಎಡಕ್ಕೆ ಕುರ್ಚಿ ಹಾಕಿಕೊಂಡು ಕೂತು ಹೇಳಿದರು: "ಅವತ್ತು ಬಂದೋನು ಅರ್ಧ ತಪ್ಪು ನಿನ್ನ ತಲೆ ಮೇಲೆ ಇಟ್ಬುಟ್ಟು ಹೋಗಿದ್ದೆ. ಅದನ್ನ ತಗೊಂಡು ಹೋಗೋಣ ಅಂತ ಬಂದೆ. ಪೂರ್ತಿ ನಂದೇ ಕಣವ್ವ."

ನಾನು ಕೂಡಲೇ ಕರಗಲಿಲ್ಲ. ಏಟು ಬಿದ್ದ ಎಡಗಿವಿ ಇವತ್ತಿಗೂ ಮಂದ ಎಂದು ಹೇಳಿದೆ. ಅಪ್ಪನಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಹೇಳಿ ಅವರ ಜೇಬನ್ನೇ ನೋಡುತ್ತ ಕೂತೆ. ಕೈ ಅಲ್ಲಿಗೆ ಹೋಗಲಿಲ್ಲ. ಮೊಣಕಾಲ ಮೇಲೆ ಬಿಚ್ಚಿಕೊಂಡೇ ಇತ್ತು. ಅವರು ಒಂದು ನೆಪವನ್ನೂ ಹೇಳಲಿಲ್ಲ. ಎದ್ದು, ಕುರ್ಚಿಯನ್ನು ಎತ್ತಿ ನನ್ನ ಬಲಕ್ಕೆ ಇಟ್ಟುಕೊಂಡು ಕೂತರು.

"ಈಗ ಕೇಳಿಸ್ತದಾ?"

"ಕೇಳಿಸ್ತದೆ ಸಾ. ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ."

ಹೇಳುವಾಗ ಅದು ಪೂರ್ತಿ ನಿಜವಾಗಿರಲಿಲ್ಲ. ಹೇಳಿದ ಮೇಲೆ ಆಯಿತು.

ಮುಂದಿನ ಭಾನುವಾರ ಮೇಷ್ಟ್ರು ಎದ್ದು ಹೋಗಿ ಬಲಗೈ ಚಾಚಿ ರೊಟ್ಟಿ ತೆಗೆದುಕೊಂಡರೆಂದು ಗೆಳತಿ ಫೋನು ಮಾಡಿ ಹೇಳಿದಳು. ಎರಡು ವರ್ಷಕ್ಕೆ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ನಾನು ಹೆಡತಲೆಯ ಬಾಯಿಬಡುಕಿಯೇ. ಕ್ಲಾಸಿನಲ್ಲಿ ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಸೀರೆಗೆ ಜೇಬಿಲ್ಲ. ಕೈ ಮೇಲೇಳುವ ಮುಂಚೆ ಅದಕ್ಕೆ ಸೆರಗು ಸುತ್ತಿಕೊಂಡು ಕಿಟಕಿಯಾಚೆ ನೋಡುತ್ತ ನಿಲ್ಲುತ್ತೇನೆ. ಮೇಡಂಗೆ ಚಳಿ ಎಂದು ಮಕ್ಕಳು ಅಂದುಕೊಂಡಿದ್ದಾರೆ.