ಕಿವಿ ಬಿಟ್ಟ ಅಳತೆ

ಕೊರ್ತಾಲಿಮ್‌ನ ಹೊಳೆಪ್ಪನಿಗೆ ಅಳೆಯಲು ಬರುತ್ತಿತ್ತು, ಹಲಗೆ ಕೊಯ್ಯಲು ಬರುತ್ತಿತ್ತು, ಬರೆಯಲು ಮಾತ್ರ ಬರುತ್ತಿರಲಿಲ್ಲ. ಟೇಪಿನ ಮೇಲಿನ ಇಂಚು ಬಿಡಿ, ಇಂಚಿನ ಎಂಟನೆಯ ಪಾಲಾದ ಸೂತ ಕೂಡ ಅವನ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಅದನ್ನು ಕಾಗದಕ್ಕಿಳಿಸು ಮಾರಾಯಾ ಎಂದರೆ ಐವತ್ತೆಂಟರ ಗಂಡಸು ಅತ್ತಿತ್ತ ನೋಡಿ ಬೀಡಿ ಹುಡುಕುತ್ತಿದ್ದ.

ಬಾದಾಮಿ ಸೀಮೆಯಿಂದ ಹದಿನೆಂಟಕ್ಕೇ ಗೋವಾಕ್ಕೆ ಬಂದವನು. ಮೊದಲು ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತ. ಬಾಯ್ನಾದಲ್ಲಿ ಮನೆ ಮಾಡಿದ, ಅಲ್ಲಿನ ಮನೆಗಳನ್ನು ಸರಕಾರದವರು ಕೆಡವಿದಾಗ ಹೆಂಡತಿ ಭಾಗವ್ವ ಮತ್ತು ಮಗಳು ಶ್ವೇತಾಳನ್ನು ಕರೆದುಕೊಂಡು ಕೊರ್ತಾಲಿಮ್‌ಗೆ ಬಂದ. ಅಲ್ಲಿ ಬಡಗಿಯೊಬ್ಬನ ಕೈಕೆಳಗೆ ಕೆಲಸ ಕಲಿತ. ಈಗ ಕಟ್ಟಿಗೆಯನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಕು. ಹೊಳೆಪ್ಪ ಅದರಲ್ಲೂ ಒಂದೇ ಒಂದು ಸಾಮಾನು ಮಾಡುತ್ತಾನೆ: ಫ್ಲ್ಯಾಟುಗಳ ಕಿಟಕಿಗೆ ಒಳಗಡೆಯಿಂದ, ಗಾಜಿನ ಕೆಳಗೆ, ಹೂಕುಂಡ ಇಡಲು ಮೊಣಕೈ ಊರಲು ಹಾಕುವ ಹಲಗೆ.

ನೋಡುವವರಿಗೆ ಅದೇನು ಮಹಾ ಕೆಲಸ ಅನ್ನಿಸೀತು. ಎಂಡಿಎಫ್ ಹಲಗೆಯ ಮೈ ನುಣುಪು, ಕೊಯ್ದ ಅಂಚು ಮಾತ್ರ ಮಹಾ ಕುಡುಕ. ಬಣ್ಣ ಬಳಿದಷ್ಟೂ ಹೀರುತ್ತದೆ. ಹಾಗಾಗಿ ಮುಂದಿನ ಅಂಚನ್ನು ಮಷೀನಿನಿಂದ ದುಂಡಗೆ ಮಾಡಿ, ನೀರು ಬೆರೆಸಿದ ಗೋಂದು ಕುಡಿಸಿ, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿ, ಮತ್ತೆ ಕುಡಿಸಿ, ಮತ್ತೆ ಉಜ್ಜಬೇಕು. ಯಾರೂ ಬಗ್ಗಿ ನೋಡದ ಕೆಳಮೈಗೂ ಪ್ರೈಮರ್ ಹೊಡೆಯಬೇಕು, ಇಲ್ಲವಾದರೆ ಗೋವಾದ ಮಳೆಗಾಲಕ್ಕೆ ಹಲಗೆ ಉಬ್ಬಿ ಕೂರುತ್ತದೆ. ಹೊಳೆಪ್ಪ ಇದರಲ್ಲಿ ಒಂದನ್ನೂ ಬಿಟ್ಟವನಲ್ಲ.

ಇನ್ನು ಕಿವಿ. ಹಲಗೆ ಎರಡು ಗೋಡೆಗಳ ನಡುವಿನ ಕಿಟಕಿಯ ಸಂದಿಗಿಂತ ಆಚೆ ಒಂದೂವರೆ ಇಂಚು, ಈಚೆ ಒಂದೂವರೆ ಇಂಚು ಉದ್ದವಿದ್ದು, ಗೋಡೆಯ ಮೇಲೆ ಚಾಚಿಕೊಂಡು ಗಾರೆಯ ಹರಕು ಅಂಚನ್ನು ಮುಚ್ಚಬೇಕು. ಆ ಚಾಚಿದ ತುದಿಗಳೇ ಕಿವಿ. ಕಿವಿಯಿಲ್ಲದ ಹಲಗೆ ಸಂದಿಯೊಳಗೆ ಬಿದ್ದಿರುತ್ತದೆ, ಅಷ್ಟೇ. ಅದಕ್ಕೆ ಆಮೇಲೆ ಕಿವಿ ಅಂಟಿಸಲೂ ಬರುವುದಿಲ್ಲ, ಬಿರುಕು ಬಿಡುತ್ತದೆ.

ಅಳತೆ ಬರೆಯುವ ಕೆಲಸ ಭಾಗವ್ವನದು. ಏಳನೇ ಇಯತ್ತೆ ಓದಿದವಳು. ಹೊಳೆಪ್ಪ ಕಟ್ಟಡದಿಂದ ಫೋನು ಮಾಡಿ ಬರೀ ಸಂದಿಯ ಅಳತೆ ಹೇಳುತ್ತಿದ್ದ. ಆಕೆ ಅವರ ಕೆಲಸದ ಶೆಡ್ಡಿನಲ್ಲಿ ಕೂತು, "ಕಿವಿ ಹಿಡದ ಹೇಳಿದ್ರೋ, ಬಿಟ್ಟ ಹೇಳಿದ್ರೋ?" ಎಂದು ಕೇಳುತ್ತಿದ್ದಳು. "ನಿನ್ನ ಕಿವೀನ ಹಿಡೀಬೇಕ ನೋಡು, ಬಿಟ್ಟ ಹೇಳೀನಿ," ಎನ್ನುತ್ತಿದ್ದ ಇವನು. ಆಕೆ ನಕ್ಕು ಮೂರು ಇಂಚು ಕೂಡಿಸಿ ಬರೆದುಕೊಳ್ಳುತ್ತಿದ್ದಳು. ಸಂಜೆ ಅವನು ಬಂದ ಮೇಲೆ ಕೂಡಿಸಿದ ಲೆಕ್ಕವನ್ನೇ ಒಂದೊಂದಾಗಿ ಓದುತ್ತಿದ್ದಳು, ಅವನು ಕೊಯ್ಯುತ್ತಿದ್ದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಆ ಗಂಡಹೆಂಡಿರು ಆಡುತ್ತಿದ್ದ ಚೇಷ್ಟೆ ಅದೊಂದೇ.

ಹೋದ ವರ್ಷ ಶ್ವೇತಾಳಿಗೆ ದಿನ ತುಂಬಿದವು. ಬಾಣಂತನ ತವರಿನಲ್ಲಿ ಆಗಬೇಕು. ಆದರೆ ತವರೆಂದರೆ ಶೆಡ್ಡಿನ ಹಿಂದಿನ ಒಂದು ಕೋಣೆ. ಕೊಯ್ದ ಹಲಗೆಯ ಧೂಳು ಅಲ್ಲಿ ಅನ್ನದ ತಾಟಿಗೂ ಬೀಳುತ್ತದೆ, ಹಸುಗೂಸನ್ನು ಎಲ್ಲಿ ಮಲಗಿಸುವುದು? ಅದಕ್ಕೆ ತಾಯಿಯೇ ಮಗಳಲ್ಲಿಗೆ ಹೋದಳು. ಅಳಿಯ ಮಾಂತೇಶ ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಾನೆ. ಕೊರ್ತಾಲಿಮ್‌ನಿಂದ ಎರಡು ಬಸ್ಸು ಬದಲಿಸಿದರೆ ಬಂತು. ಮೂರು ತಿಂಗಳೆಂದು ಹೋದವಳಿಗೆ ಈಗ ಒಂಬತ್ತು ತಿಂಗಳಾಗಿದ್ದವು.

ಒಂಬತ್ತು ತಿಂಗಳೂ ಹೊಳೆಪ್ಪ ಫೋನು ಮಾಡುವುದನ್ನು ಬಿಡಲಿಲ್ಲ. ಮಧ್ಯಾಹ್ನ ಅಳತೆ ಹೇಳುವುದು, ಸಂಜೆ ಆಕೆ ಓದಿದ್ದನ್ನು ಕೇಳಿ ಹಲಗೆಯ ಮೇಲೆ ಗೆರೆ ಎಳೆಯುವುದು. ಎಂಟಡಿ ಹಲಗೆಯ ಆ ತುದಿ ಹಿಡಿಯಲು ಜನವಿರಲಿಲ್ಲ, ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿಕೊಂಡ. ಅನ್ನ ಮಾಡಿಕೊಂಡ, ಸಾರು ಮಾಡಲು ಬೇಸರಪಟ್ಟು ಉಪ್ಪಿನಕಾಯಿ ಕಲಸಿಕೊಂಡ. ಕೆಲಸವಿಲ್ಲದ ದಿನ ತನ್ನ ಶೆಡ್ಡಿನ ಕಿಟಕಿಯನ್ನೇ ಅಳೆದು ಫೋನಿನಲ್ಲಿ ಹೇಳಿದ್ದೂ ಉಂಟು. ಅವಳ ದನಿ ಕೇಳದಿದ್ದರೆ ಅವನಿಗೆ ದಿನ ಹೋಗುತ್ತಿರಲಿಲ್ಲ. ಆದರೆ "ಬಾ" ಎಂಬ ಒಂದಕ್ಷರ ಮಾತ್ರ ಬಾಯಿಂದ ಹೊರಡಲಿಲ್ಲ. ಹೋದವಳು ತಾನೇ ಬರಬೇಕು, ಗಂಡಸಾದವನು ಹೆಂಡತಿಗೆ ದುಂಬಾಲು ಬೀಳುವುದೇ? ಈ ಬಿಂಕಕ್ಕೆ ಏನೆನ್ನೋಣ! ಮಗಳ ಮನೆಗೆ ಎರಡು ಸಲ ಹೋಗಿದ್ದ. ಅಳಿಯನ ಮನೆಯಲ್ಲಿ ಉಳಿಯಬಾರದೆಂದು ಎರಡು ಸಲವೂ ಚಹಾ ಕುಡಿದು ಎದ್ದು ಬಂದಿದ್ದ.

ಈ ಬಾರಿಯ ಕೆಲಸ ದೊಡ್ಡದು. ದಾಬೋಳಿಯ ಹೊಸ ಕಟ್ಟಡದಲ್ಲಿ ಹದಿನಾಲ್ಕು ಕಿಟಕಿ. ಕೆಲಸ ಕೊಟ್ಟ ಪರ್ವೇಜ ಹುಬ್ಬಳ್ಳಿಯವನು, ಹೊಳೆಪ್ಪನ ಕೈ ಮೇಲೆ ಭರವಸೆ ಇದ್ದವನು. ಹೊಳೆಪ್ಪ ಅಳೆದ, ಹೇಳಿದ, ಆಕೆ ಓದಿದ್ದನ್ನು ಕೇಳಿ ಕೊಯ್ದ. ಎರಡು ವಾರ ಉಜ್ಜಿ, ಬಣ್ಣ ಹೊಡೆದು, ಹದಿನಾಲ್ಕನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಟೆಂಪೋಗೆ ಏರಿಸಿದ.

ಮೊದಲ ಹಲಗೆ ಕಿಟಕಿಯ ಸಂದಿಯೊಳಗೆ ಸಲೀಸಾಗಿ ಇಳಿದುಬಿಟ್ಟಿತು. ಎರಡೂ ಕಡೆ ಗಾರೆಯ ಅಂಚು ಹಾಗೇ ಕಾಣುತ್ತಿತ್ತು.

"ಹೊಳೆಪ್ಪಣ್ಣ, ಇದರ ಕಿವಿ ಎಲ್ಲ್ಯದಾವು?" ಎಂದ ಪರ್ವೇಜ.

ಹೊಳೆಪ್ಪ ಎರಡನೆಯದನ್ನು ಬಿಚ್ಚಿದ, ಮೂರನೆಯದನ್ನು ಬಿಚ್ಚಿದ. ಒಂದಕ್ಕೂ ಕಿವಿಯಿರಲಿಲ್ಲ; ಹೆಂಡತಿ ಓದಿದ್ದರಲ್ಲಿ ಕಿವಿ ಸೇರಿದೆಯೆಂದೇ ನಂಬಿ ಕೊಯ್ದಿದ್ದ. ಪರ್ವೇಜ ಬೈಯಲಿಲ್ಲ. "ಆಗತೈತಿ ಬಿಡ್ರಿ, ಮತ್ತೊಮ್ಮೆ ಮಾಡ್ರಿ," ಎಂದು ಕೆಳಗಿಳಿದು ಹೋದ. ಬೈದಿದ್ದರೇ ಚೆನ್ನಾಗಿತ್ತು.

ಹೊಳೆಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ನೆತ್ತಿಗೇರಿತು. ಮೂರು ಇಂಚು ಕೂಡಿಸಲು ಏನು ಧಾಡಿಯಾಗಿತ್ತು ಎಂದು ಕೇಳಿಯೇ ಬಿಡಬೇಕೆಂದು ಬಾಲ್ಕನಿಗೆ ಹೋಗಿ ಫೋನು ತೆಗೆದ. ಆಗ ಅಳತೆ ಹೇಳಿದ ದಿನದ ಮಾತು ನೆನಪಾಯಿತು. ಹಿಂದೆ ಕೂಸು ಅಳುತ್ತಿತ್ತು. ಆಕೆ "ಹ್ಞೂಂ, ಮುಂದ" ಎಂದಿದ್ದಳು, ಮತ್ತೆ "ಹ್ಞೂಂ, ಮುಂದ" ಎಂದಿದ್ದಳು. ಕಿವಿಯ ಮಾತು ಕೇಳಿರಲಿಲ್ಲ, ನಕ್ಕಿರಲಿಲ್ಲ. ಲೆಕ್ಕ ತಪ್ಪುವ ಹೆಂಗಸಲ್ಲ ಅವಳು. ಅವಳ ಮನಸ್ಸೇ ಈ ಅಳತೆಯಿಂದ, ತಮ್ಮ ಶೆಡ್ಡಿನಿಂದ ಎದ್ದುಹೋಗಿತ್ತು. ಹೊಳೆಪ್ಪನ ಸಿಟ್ಟು ಜರ್ರನೆ ಇಳಿದು ಅಲ್ಲಿ ಹೆದರಿಕೆ ಬಂದು ಕೂತಿತು.

"ಹೇಳ್ರಿ, ಪೆನ್ ತಗೊಂಡೀನಿ," ಎಂದಳು ಭಾಗವ್ವ.

"ಅಳತಿ ಇಲ್ಲ."

"ಮತ್ತ?"

"ನೀ ಯಾವಾಗ ಬರ್ತಿ?"

ಫೋನು ಕಟ್ಟಾಯಿತೇನೋ ಎಂದು ಅವನು ಎರಡು ಸಲ ನೋಡಿಕೊಂಡ.

"ಇಷ್ಟ ಕೇಳಾಕ ಒಂಬತ್ತ ತಿಂಗಳ ಬೇಕಾತೇನ್ರಿ?" ಎಂದಳು ಕೊನೆಗೆ. "ಮೂರ ತಿಂಗಳ ಮುಗದ ದಿನ ಚೀಲ ಕಟ್ಟಿ ಇಟ್ಟಿದ್ದೆ. ಇವತ್ತ ಬಾ ಅಂತಾರ ಅಂತ ಕಾದೆ. ನೀವು ಆರ ಕಿಡಕಿ ಅಳತಿ ಹೇಳಿ ಇಟ್ರಿ. ಮರುದಿನಾನೂ ಕಾದೆ. ಒಂದ ವಾರ ಚೀಲ ಬಿಚ್ಚಲಿಲ್ರಿ ನಾ."

"ನೀನ ಬರ್ತಿ ಅನ್ಕೊಂಡೆ."

"ಬರ್ತಿದ್ದೆ. ಬೇಕು ಅಂತ ಒಂದ ಮಾತ ಅಂದಿದ್ರ ಅವತ್ತ ಬರ್ತಿದ್ದೆ. ಅಳತಿ ಬರಿಯಾಕ ಅಷ್ಟ ನಾ ಬೇಕಾಗೇನಿ ಅನ್ಕೊಂಡೆ. ಅದನ್ನ ಇಲ್ಲಿ ಕುಂತೂ ಬರೀತೀನಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಶ್ವೇತಾ ಕೆಲಸಕ್ಕ ಹೋಗಾಕತ್ತಾಳ. ಕೂಸು ನನ್ನ ಬಿಟ್ಟ ಯಾರ ಹಂತ್ಯಾಕೂ ನಿಲ್ಲೂದಿಲ್ಲ. ಈಗ ಕರದ್ರೂ ಬರಾಕ ಆಗೂದಿಲ್ರಿ."

ಹೊಳೆಪ್ಪನಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು. ಹಲಗೆಗಳು ಕೆಟ್ಟದ್ದನ್ನು ಅವನು ಹೇಳಲಿಲ್ಲ. ನೀನಿಲ್ಲದೆ ಶೆಡ್ಡಿಗೆ ಕಾಲಿಡಲು ಬೇಸರವಾಗುತ್ತದೆ ಎಂಬುದನ್ನೂ ಹೇಳಲಿಲ್ಲ. "ಆತು," ಎಂದ.

"ಆಯಿತವಾರ ಇತ್ಲಾಗ ಬರ್ರಿ," ಎಂದಳು ಭಾಗವ್ವ, ಮೆಲ್ಲಗೆ. "ಊಟ ಮಾಡ್ಕೊಂಡ ಹೋಗೀರಂತ."

ಬರುತ್ತೇನೆಂದು ಹೇಳಿ ಫೋನು ಇಟ್ಟ. ಬಾಲ್ಕನಿಯ ಕಂಬಿ ಹಿಡಿದುಕೊಂಡು, ಕೆಳಗೆ ಸಿಮೆಂಟು ಕಲಸುತ್ತಿದ್ದವರಿಗೆ ಕಾಣದ ಹಾಗೆ ಮುಖ ಗೋಡೆಗೆ ತಿರುಗಿಸಿ ಅತ್ತ. ಮೂವತ್ತೆರಡು ವರ್ಷ ಬಾಳಿದ ಹೆಂಡತಿ ಅವನನ್ನು ನೆಂಟನ ಹಾಗೆ ಊಟಕ್ಕೆ ಕರೆದಿದ್ದಳು. ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಅವಳಿಗೆ ಏನು ಒಯ್ಯಬೇಕೆಂದು ಎಷ್ಟು ಯೋಚಿಸಿದರೂ ಹೊಳೆಪ್ಪನಿಗೆ ಹೊಳೆಯಲಿಲ್ಲ. ಅವಳಿಗೆ ಏನು ಇಷ್ಟವೆಂದು ಅವನು ಯಾವತ್ತೂ ಕೇಳಿರಲಿಲ್ಲ.