ಅಂಗೈಗೆ ಸಿಗುವ ಬಟನ್

ನಮ್ಮ ಗುಬ್ಬಿಯ ಗಂಗರಾಜು ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಬೆರಳು ನೋಡುತ್ತಾನೆ. ತುಮಕೂರಿಗೆ ಹೋದಾಗ ಎಟಿಎಂ ಮುಂದೆ ನಿಂತು, ಯಾರು ಯಾವ ಬಟನ್ ತಪ್ಪಾಗಿ ಒತ್ತುತ್ತಾರೆಂದು ಇಣುಕಿ, ವಾಚ್‌ಮನ್ ಕೈಲಿ ಬೈಸಿಕೊಂಡು ಬಂದ ಆಸಾಮಿ. ಮೇವು ಕತ್ತರಿಸುವ ಮೆಷಿನ್ನುಗಳಿಗೆ ಸ್ವಿಚ್ ಡಬ್ಬ ಮಾಡಿ ಮಾರುವುದು ಅವನ ಕಸುಬು. ಹಸಿರು ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್, ಪಕ್ಕದಲ್ಲಿ ದಪ್ಪ ಕನ್ನಡ ಅಕ್ಷರ. ಇದಕ್ಕಿಂತ ಸಲೀಸು ಇನ್ನೇನು ಬೇಕು ಎಂದು ಬೀಗುತ್ತಿದ್ದ.

ಕಳೆದ ಆಯುಧಪೂಜೆ ಮುಗಿದ ಮೇಲೆ ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯಿಂದ ಅವನಿಗೆ ಫೋನ್ ಬಂತು. ಅವನ ಡಬ್ಬ ಕೊಂಡಿದ್ದ ಸರ್ವಮಂಗಳಮ್ಮನ ಸೆರಗು ಮೆಷಿನ್ನಿಗೆ ಸಿಕ್ಕಿ, ಡಬ್ಬಕ್ಕೆ ಎಷ್ಟು ಬಡಿದರೂ ಮೆಷಿನ್ ನಿಂತಿರಲಿಲ್ಲ. ಗಂಡ ಓಡಿಬಂದು ಮೇನ್ ಆಫ್ ಮಾಡಿದ್ದರಿಂದ ಜೀವ ಉಳಿದಿತ್ತು. ಅಂದಿನಿಂದ ಆಕೆ ಮೆಷಿನ್ ಹತ್ತಿರ ಸುಳಿಯದೆ ಕುಡುಗೋಲಿನಲ್ಲೇ ಮೇವು ಕೊಚ್ಚುತ್ತಿದ್ದರು.

ಗಂಗರಾಜು ಹೆದರಿ ಆ ಊರಿಗೆ ಹೊರಟ. ಗೆಳೆಯನಾದ ನಾನೂ ಜೊತೆಗೆ ಹೋದೆ. ನೋಡಿದರೆ ಡಬ್ಬದ ತುಂಬ ಪೂಜೆಯ ವಿಭೂತಿ, ಎರಡು ಬಟನ್ನಿಗೂ ಕುಂಕುಮ. ಎರಡೂ ಕೆಂಪೇ, ಅಕ್ಷರದ ಪತ್ತೆಯೇ ಇಲ್ಲ.

"ಸದ್ಯ, ತಪ್ಪು ನಿಂದಲ್ಲ ಬುಡೋ," ಎಂದೆ.

ನನ್ನ ಮೇಲೇ ಸಿಡಿದ: "ಏನ್ಲಾ, ಪೂಜೆ ಮಾಡೋರ ಮನೆಗೇ ತಾನೆ ನಾನು ಮಾರಿದ್ದು?"

ಆಮೇಲೆ ಮೆಲ್ಲಗೆ ಕೇಳಿದ: "ಅಕ್ಕ, ಅವತ್ತು ನಿಮ್ ಕೈ ಹೆಂಗೆ ಹೋಯ್ತು, ವಸಿ ತೋರ್ಸಿ."

ಸರ್ವಮಂಗಳಮ್ಮ ಬೆರಳು ಚಾಚಲಿಲ್ಲ. ಅಂಗೈ ಅಗಲಿಸಿ ಡಬ್ಬಕ್ಕೆ ರಪ್ಪನೆ ಹೊಡೆದರು. ಕಣ್ಣು ಬ್ಲೇಡಿನ ಮೇಲೆಯೇ ಇತ್ತು, ಏಟು ನಿಲ್ಲಿಸುವ ಬಟನ್ನಿಗೆ ಬೀಳಲೇ ಇಲ್ಲ. ಗಂಗರಾಜು ಬೆರಗಾದ. ಇಷ್ಟು ವರ್ಷ ಊರವರ ಬೆರಳು ನೋಡಿದವನು ಹೆದರಿದವರ ಕೈ ನೋಡಿರಲೇ ಇಲ್ಲ. ಹೆದರಿದವರು ಓದುವುದಿಲ್ಲ, ಬಣ್ಣ ಹುಡುಕುವುದಿಲ್ಲ, ಬಡಿಯುತ್ತಾರೆ ಅಷ್ಟೆ.

ಊರಿಗೆ ಬಂದು ಹೊಸ ಡಬ್ಬ ಮಾಡಿದ. ನಿಲ್ಲಿಸುವ ಬಟನ್ ಅಂಗೈಯಗಲ, ಅಣಬೆಯಂತೆ ಮುಂದಕ್ಕೆ ಚಾಚಿದ್ದು. ಶುರು ಮಾಡುವುದು ಸಣ್ಣದು, ಕುಳಿಯೊಳಗೆ ಬೆರಳು ತೂರಿಸಿಯೇ ಒತ್ತಬೇಕು. ಅದನ್ನು ಮಾರ್ಕೋನಹಳ್ಳಿಗೆ ಒಯ್ದು ಮೆಷಿನ್ನಿಗೆ ಕೂರಿಸಿ, ಬ್ಲೇಡ್ ತಿರುಗದಂತೆ ಬೆಲ್ಟ್ ಬಿಚ್ಚಿಟ್ಟು, "ಮೊದ್ಲು ಪೂಜೆ ಮಾಡ್ಬುಡಿ ಅಕ್ಕ," ಎಂದ. ಆಕೆ ಧಾರಾಳವಾಗಿಯೇ ವಿಭೂತಿ, ಕುಂಕುಮ ಬಳಿದರು.

ಗಂಗರಾಜು ಮೋಟಾರ್ ಶುರು ಮಾಡಿದ. ಆಕೆ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಹೊಡೆದರು. ನಿಂತಿತು. ಮತ್ತೆ ಶುರು ಮಾಡಿಸಿ, ಮತ್ತೆ ಹೊಡೆದರು. ಎಡಗೈಯಲ್ಲೂ ಹೊಡೆದು ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಒಂದು ತೆಕ್ಕೆ ಜೋಳದ ಕಡ್ಡಿ ಎತ್ತಿಕೊಂಡರು.

"ಬೆಲ್ಟ್ ಹಾಕಣ್ಣ," ಎಂದರು.